ವಿಗನ್‌ನ ಪೈ ಅಂಗಡಿ: ಹೋಗುವುದಾದರೆ ಡರ್ಬಿ ವಾರದಲ್ಲಿ ಹೋಗಿ

ಉತ್ತರ ಇಂಗ್ಲೆಂಡಿನ ವಿಗನ್‌ನಲ್ಲಿ ಪೈ ಅಂಗಡಿಗಳಿಗೆ ಬರವಿಲ್ಲ. ಪೈ ಅಂದರೆ ಹಿಟ್ಟಿನ ಕವಚದೊಳಗೆ ಹೂರಣ ತುಂಬಿ ಒಲೆಯಲ್ಲಿ ಬೇಯಿಸಿದ್ದು. ಯಾವ ಬೀದಿಗೆ ಹೋದರೂ ಒಂದು ಸಿಗುತ್ತದೆ. ಅದರಲ್ಲಿ ಈ ಒಂದರ ಬಗ್ಗೆ ಬರೆಯೋಕೆ ಪೈ ಅರ್ಧ ಕಾರಣ. ಉಳಿದರ್ಧ ಅಲ್ಲಿ ನಡೆಯುವ ವಾದ. ಶುಕ್ರವಾರ ರಾತ್ರಿ ವಿಗನ್ ವಾರಿಯರ್ಸ್‌ಗೂ ಸೇಂಟ್ ಹೆಲೆನ್ಸ್‌ಗೂ ಮ್ಯಾಚ್ ಇದೆ. ಅಕ್ಕಪಕ್ಕದ ಊರಿನ ತಂಡಗಳ ಹಣಾಹಣಿಗೆ ಡರ್ಬಿ ಅನ್ನುತ್ತಾರೆ. ರಗ್ಬಿ ಲೀಗ್ ಅನ್ನುವ ಆಟದಲ್ಲಿ ಇಂಗ್ಲೆಂಡಿನವರು ಸುಮ್ನೆ ‘ಡರ್ಬಿ’ ಅಂದರೆ ಬಹಳ ಜನಕ್ಕೆ ಮೊದಲು ನೆನಪಾಗುವುದು ಇದೇ. ಮ್ಯಾಂಚೆಸ್ಟರ್, ಲಿವರ್‌ಪೂಲ್, ವಾರಿಂಗ್ಟನ್ ಸುತ್ತಮುತ್ತ ನಮ್ಮವರು ಎಷ್ಟೋ ಜನ ಇದ್ದೀರಿ. ಆಸ್ಪತ್ರೆಗಳಲ್ಲಂತೂ ಕನ್ನಡ ಕೇಳಿಸದ ದಿನವೇ ಕಡಿಮೆ. ಬಂದವರೆಲ್ಲ ಫುಟ್‌ಬಾಲ್ ಸ್ಟೇಡಿಯಂ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತೀರಿ. ಈ ಆಟದ ಕಡೆ ತಲೆ ಹಾಕುವವರು ಕಮ್ಮಿ. ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯ ಹೆಸರು ಹಾಕಿಲ್ಲ. ನಡೆಸುವ ತಾಯಿ ಮಗಳಿಬ್ಬರೂ ಬೇಡ ಎಂದರು, ಈಗ ಬರುವ ಜನಕ್ಕೇ ಒಲೆ ಸಾಲುತ್ತಿಲ್ಲವಂತೆ. ಜಾಗ ಹೇಳುತ್ತೇನೆ. ರೈಲಿಳಿದು ವಾಲ್‌ಗೇಟ್ ರಸ್ತೆ ಹಿಡಿದು, ರೈಲ್ವೆ ಸೇತುವೆಯ ಕೆಳಗೆ ಹಾದು ಸ್ಟೇಡಿಯಂ ಕಡೆ ನಡೆಯಿರಿ. ವಿಗನ್ ಪಿಯರ್‌ನ ಕಾಲುವೆ ಸಿಗುವ ಮೊದಲೇ ಒಂದು ಸಣ್ಣ ಅಡ್ಡರಸ್ತೆಯ ಮೂಲೆಯಲ್ಲಿದೆ. ಹಸಿರು ಬಾಗಿಲು. ಹನ್ನೊಂದು ಗಂಟೆಯ ಮೇಲೆ ಹೋದರೆ ಹುಡುಕುವುದೇ ಬೇಡ, ಕ್ಯೂ ಫುಟ್‌ಪಾತ್‌ಗೆ ಬಂದಿರುತ್ತದೆ.

ಮೊದಲು ತಿಂಡಿಯ ವಿಷಯ. ನಾನು ಮಾಂಸ ತಿನ್ನುವುದಿಲ್ಲ. ಲ್ಯಾಂಕಶೈರ್‌ನ ಪೈ ಅಂಗಡಿಯಲ್ಲಿ ಸಸ್ಯಾಹಾರಿಗೆ ಏನು ಸಿಗುತ್ತದೆ ಅಂತ ಕೇಳುವವರಿಗೆ ಎರಡು ಉತ್ತರ: ಚೀಸ್ ಆನಿಯನ್ ಪೈ ಮತ್ತು ಬಟರ್ ಪೈ. ಮೊದಲನೆಯದು ಎಲ್ಲ ಕಡೆ ಸಿಗುತ್ತದೆ. ಎರಡನೆಯದು ಈ ಭಾಗದ ಆಸ್ತಿ. ಈ ಕಡೆ ಕ್ಯಾಥೊಲಿಕ್ ಮನೆತನಗಳು ಜಾಸ್ತಿ, ಶುಕ್ರವಾರ ಮಾಂಸ ಮುಟ್ಟುವುದಿಲ್ಲ ಅನ್ನುವ ರೂಢಿ ಇತ್ತು. ಆ ದಿನಕ್ಕೆಂದೇ ಹುಟ್ಟಿದ ಪೈ ಇದು. ಒಳಗೆ ಆಲೂಗಡ್ಡೆ, ಈರುಳ್ಳಿ, ಬೆಣ್ಣೆ, ಬಿಳಿ ಮೆಣಸಿನ ಪುಡಿ. ಅಷ್ಟೇ. ಬಾಯಿಗಿಟ್ಟರೆ ಅರಿಶಿನ, ಒಗ್ಗರಣೆ ಇಲ್ಲದ ಮಸಾಲೆ ದೋಸೆ ಪಲ್ಯದ ಹಾಗಿರುತ್ತದೆ, ಬೆಣ್ಣೆ ಮಾತ್ರ ಧಾರಾಳ. ಈ ಅಂಗಡಿಯಲ್ಲಿ ಆಲೂಗಡ್ಡೆಯನ್ನು ಪೂರ್ತಿ ಹಿಸುಕುವುದಿಲ್ಲ. ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಪದರ ಪದರವಾಗಿ ಜೋಡಿಸುತ್ತಾರೆ. ಈರುಳ್ಳಿ ಬಾಡಿರುತ್ತದೆ, ಕೆಂಪಾಗಿರುವುದಿಲ್ಲ. ಕಚ್ಚಿದಾಗ ಮೇಲಿನ ಪದರ ಪುಡಿಯಾಗಿ ಉದುರುತ್ತದೆ, ತಳ ಮಾತ್ರ ಗಟ್ಟಿ, ಒದ್ದೆಯಾಗಿ ಕುಸಿಯುವುದಿಲ್ಲ. ತಳ ಒದ್ದೆಯಾದ ಪೈ ಕೊಡುವ ಅಂಗಡಿಗಳು ಬೇಕಾದಷ್ಟಿವೆ. ಇಲ್ಲಿ ಒಮ್ಮೆಯೂ ನನಗೆ ಹಾಗಾಗಿಲ್ಲ.

ಒಂದು ಎಚ್ಚರಿಕೆ. ಹಳೆ ಪದ್ಧತಿಯ ಪೈ ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸುತ್ತಾರೆ. ಒಳಗೆ ಆಲೂಗಡ್ಡೆ ಇದ್ದ ಮಾತ್ರಕ್ಕೆ ಸಸ್ಯಾಹಾರ ಆಗಲ್ಲ. ಯಾವ ಅಂಗಡಿಗೆ ಹೋದರೂ ಕೇಳಿಯೇ ತಿನ್ನಿ. ಇಲ್ಲಿ ಬಟರ್ ಪೈ ಮತ್ತು ಚೀಸ್ ಪೈ ಹಿಟ್ಟಿಗೆ ಬೆಣ್ಣೆ, ಎಣ್ಣೆ ಮಾತ್ರ ಹಾಕುತ್ತಾರೆ. ಬಟರ್ ಪೈ ಮೇಲೆ ಗುರುತಿಗೆ ಎರಡು ಗೀಟು ಎಳೆದಿರುತ್ತಾರೆ. ಆದರೆ ಒಲೆ ಒಂದೇ, ಇಕ್ಕಳವೂ ಒಂದೇ. ಅಷ್ಟೂ ಬೇಡ ಅನ್ನುವವರಿಗೆ ಈ ಅಂಗಡಿ ಆಗಿಬರಲ್ಲ. ಇಕ್ಕಳ ಬೇರೆ ಇಡಿ ಎಂದು ಹೇಳಿದ್ದೇನೆ, ಇನ್ನೂ ಇಟ್ಟಿಲ್ಲ. ಗ್ರೇವಿ ಮಾಂಸದ್ದು, ಬೇಡ ಅನ್ನಿ. ಬದಲಿಗೆ ‘ಪೀ ವೆಟ್’ ಕೇಳಿ. ಬಟಾಣಿ ಬೇಯಿಸಿದ ಗಟ್ಟಿ ನೀರು ಅದು. ಒಂದು ಸೌಟು ಸುಮ್ನೆ ಕೊಡುತ್ತಾರೆ, ದುಡ್ಡಿಲ್ಲ.

ಊರಿನವರು ಪೈಯನ್ನು ತಟ್ಟೆಯಲ್ಲಿ ತಿನ್ನುವುದಿಲ್ಲ. ಬಾರ್ಮ್ ಅನ್ನುವ ಮೆತ್ತನೆಯ ಬನ್ನನ್ನು ಅಡ್ಡಲಾಗಿ ಸೀಳಿ, ಬೆಣ್ಣೆ ಸವರಿ, ನಡುವೆ ಇಡೀ ಬಿಸಿ ಪೈ ಇಟ್ಟು ಅಂಗೈಯಿಂದ ಒಮ್ಮೆ ಒತ್ತಿ ಕೊಡುತ್ತಾರೆ. ಹಿಟ್ಟಿನೊಳಗೆ ಹಿಟ್ಟು ಅಂತ ಹೊರಗಿನವರು ಹುಬ್ಬೇರಿಸುತ್ತಾರೆ. ಚಳಿಗಾಲದ ಬೆಳಗ್ಗೆ ನೈಟ್ ಶಿಫ್ಟ್ ಮುಗಿಸಿ ಬಂದು ಇದನ್ನು ತಿಂದವರು ಹಾಗನ್ನಲಾರರು. ವಿಗನ್ ಜನರನ್ನು ಸುತ್ತಲಿನ ಊರಿನವರು ‘ಪೈ ಈಟರ್ಸ್’ ಅಂತಲೇ ಕರೆಯುತ್ತಾರೆ. 1926ರ ದೊಡ್ಡ ಮುಷ್ಕರದಲ್ಲಿ ಇಲ್ಲಿನ ಗಣಿ ಕೆಲಸದವರು ಬೇರೆಯವರಿಗಿಂತ ಮೊದಲೇ ಸೋತು ಕೆಲಸಕ್ಕೆ ಮರಳಿದರು, ಅದಕ್ಕೆ ಬಂದ ಹೆಸರು ಅನ್ನುತ್ತದೆ ಸೇಂಟ್ ಹೆಲೆನ್ಸ್ ಕಡೆಯ ಕಥೆ. ವಿಗನ್‌ನವರು ಆ ಕಥೆಗೆ ತಲೆ ಕೆಡಿಸಿಕೊಳ್ಳುವುದಿಲ್ಲ. 1992ರಲ್ಲಿ ಪೈ ತಿನ್ನುವ ವಿಶ್ವ ಚಾಂಪಿಯನ್‌ಶಿಪ್ಪನ್ನೇ ತಮ್ಮೂರಲ್ಲಿ ಶುರು ಮಾಡಿದರು.

ಇನ್ನು ವಾದದ ವಿಷಯ. ಈ ಅಂಗಡಿಯಲ್ಲಿ ಕುರ್ಚಿಗಳಿಲ್ಲ. ಕಿಟಕಿಯ ಉದ್ದಕ್ಕೂ ಎದೆಮಟ್ಟದ ಒಂದು ಹಲಗೆ, ಅಷ್ಟೇ. ಐದಾರು ಜನ ಅಲ್ಲಿ ನಿಂತು ತಿನ್ನುತ್ತಾರೆ, ಉಳಿದವರು ಕ್ಯೂನಲ್ಲಿ. ಆದ್ದರಿಂದ ಹಲಗೆಯಲ್ಲಿ ಒಬ್ಬರು ಮಾತು ತೆಗೆದರೆ ಕ್ಯೂನಲ್ಲಿ ಇದ್ದವರು ಉತ್ತರ ಕೊಡುತ್ತಾರೆ. ಸ್ಟೇಷನ್ ಹತ್ತಿರ ಆದ್ದರಿಂದ ಸೇಂಟ್ ಹೆಲೆನ್ಸ್‌ನಿಂದ ದಿನಾ ಕೆಲಸಕ್ಕೆ ಬರುವವರೂ ಇಲ್ಲಿಗೇ ಬರುತ್ತಾರೆ. ಎರಡೂ ಊರಿನ ನಡುವೆ ಹತ್ತು ಮೈಲಿಯೂ ಇಲ್ಲ. ಮಧ್ಯೆ ಬಿಲಿಂಜ್ ಅನ್ನುವ ಗುಡ್ಡ. ಅಲ್ಲಿದ್ದ ಹೆರಿಗೆ ಆಸ್ಪತ್ರೆಯಲ್ಲಿ, ಅದು ಮುಚ್ಚುವವರೆಗೆ, ಎರಡೂ ಕಡೆಯ ಮಕ್ಕಳು ಹುಟ್ಟಿದ್ದಾರೆ. ಪಕ್ಕಪಕ್ಕದ ತೊಟ್ಟಿಲಲ್ಲಿ ಮಲಗಿದ್ದವರು ಈಗ ಈ ಹಲಗೆಯ ಮುಂದೆ ಎದುರುಬದುರು.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ತಂಡಕ್ಕೆ 13 ಜನ, 80 ನಿಮಿಷ. ಚೆಂಡು ಹಿಡಿದು ಓಡಬೇಕು, ಪಾಸ್ ಹಿಂದಕ್ಕೆ ಮಾತ್ರ. ಎದುರಿನವರು ಆರು ಸಲ ಹಿಡಿದು ಕೆಡವುವವರೆಗೆ ಚೆಂಡು ನಿಮ್ಮದು, ಆಮೇಲೆ ಅವರದು. ಅದಕ್ಕೇ ಐದು ಟ್ಯಾಕಲ್ ಆದ ಮೇಲೆ ಸಾಮಾನ್ಯವಾಗಿ ಚೆಂಡನ್ನು ಒದ್ದುಬಿಡುತ್ತಾರೆ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ, ನಾಲ್ಕು ಪಾಯಿಂಟ್. ಉಳಿದದ್ದು ಕ್ಯೂನಲ್ಲಿ ನಿಂತರೆ ತಾನಾಗಿ ಬರುತ್ತದೆ. ನನಗೆ ಬಂದದ್ದೂ ಹಾಗೆಯೇ.

ಮಂಗಳವಾರ ಮಧ್ಯಾಹ್ನ ಎದ್ದ ಪ್ರಶ್ನೆ: ಸೇಂಟ್ಸ್, ಅಂದರೆ ಸೇಂಟ್ ಹೆಲೆನ್ಸ್, ತಂಡದಲ್ಲಿ ಜ್ಯಾಕ್ ವೆಲ್ಸ್‌ಬಿ ಎಲ್ಲಿ ಆಡಬೇಕು? ಎಲ್ಲರ ಹಿಂದೆ ಫುಲ್‌ಬ್ಯಾಕ್ ಆಗಿಯೋ, ಸಾಲಿನಲ್ಲಿ ಮುಂದೆ ನಿಂತು ಪಾಸ್ ಹಂಚುವ ಹಾಫ್ ಆಗಿಯೋ? ಎದೆಯ ಮೇಲೆ ಕೆಂಪು ‘ವಿ’ ಇರುವ ಸೇಂಟ್ಸ್ ಅಂಗಿಯ ಮೇಲೆ ಕೆಲಸದ ಕೋಟು ಹಾಕಿಕೊಂಡ ಒಬ್ಬಾಕೆ ಚೀಸ್ ಪೈ ಕೈಯಲ್ಲಿ ಹಿಡಿದು, ಅವನು ಹಿಂದೆಯೇ ಇರಲಿ ಎಂದರು. ಹಿಂದಿದ್ದರೆ ಮೈದಾನ ಪೂರ್ತಿ ಕಾಣುತ್ತದೆ, ಎಡಕ್ಕೋ ಬಲಕ್ಕೋ ಕೊನೇ ಕ್ಷಣದಲ್ಲಿ ಒಬ್ಬ ಹೆಚ್ಚಿನ ಆಟಗಾರನಾಗಿ ಬಂದು ಸೇರುತ್ತಾನೆ, ಡಿಫೆನ್ಸ್‌ಗೆ ಲೆಕ್ಕ ತಪ್ಪುತ್ತದೆ. ವಿಗನ್‌ನ ಕೆಂಪು ಬಿಳಿ ಪಟ್ಟಿಯ ಮಫ್ಲರ್ ಸುತ್ತಿಕೊಂಡ ಅಜ್ಜ ಒಬ್ಬರು ತಲೆ ಅಲ್ಲಾಡಿಸಿದರು. ‘ಬೇಡ ಬೇಡ, ದಯವಿಟ್ಟು ಹಾಫ್ ಆಡಿಸಿ’ ಎಂದರು. ಎಲ್ಲರೂ ತಿರುಗಿ ನೋಡಿದರು. ‘ಸಾಲಿನಲ್ಲಿ ನಿಂತರೆ ನಮ್ಮ ದೊಡ್ಡ ಫಾರ್ವರ್ಡ್‌ಗಳನ್ನೆಲ್ಲ ಅವನ ಮೇಲೇ ಓಡಿಸುತ್ತೇವೆ. ಅರ್ಧ ಮ್ಯಾಚ್ ಟ್ಯಾಕಲ್ ಮಾಡಿ ಸುಸ್ತಾದರೆ ಕೊನೆಯ ಇಪ್ಪತ್ತು ನಿಮಿಷದಲ್ಲಿ ಪಾಸ್ ಕೊಡೋಕೆ ಕೈ ಎಲ್ಲಿಂದ ಬರಬೇಕು?’ ಆಕೆ ಒಂದು ಕ್ಷಣ ಯೋಚಿಸಿ, ‘ಅದಕ್ಕೇ ಹಿಂದೆ ಇರಲಿ ಅಂದದ್ದು ನಾನು’ ಎಂದರು. ಅಂದರೆ ಇಬ್ಬರೂ ಒಪ್ಪಿದ್ದರು, ಬೇಕಿದ್ದು ಮಾತ್ರ ಉಲ್ಟಾ. ಟಿವಿಯಲ್ಲಿ ಮ್ಯಾಚ್‌ಗೆ ಮುಂಚೆ ಅರ್ಧ ಗಂಟೆ ಮಾತಾಡುವವರು ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಕ್ಯೂನಲ್ಲಿದ್ದ ಹುಡುಗನೊಬ್ಬ ಮಾತನ್ನು ವಿಗನ್ ಕಡೆ ತಿರುಗಿಸಿದ. ಅವನೂ ಸೇಂಟ್ಸ್. ವಿಗನ್‌ನ ಜೈ ಫೀಲ್ಡ್ ಮತ್ತು ಬೆವನ್ ಫ್ರೆಂಚ್ ಇಬ್ಬರಿಗೂ ಓಡಲು ಜಾಗ ಸಿಕ್ಕರೆ ಮುಗಿಯಿತು. ಆದ್ದರಿಂದ ಐದನೇ ಟ್ಯಾಕಲ್‌ವರೆಗೆ ಕಾಯಬಾರದು. ಮೂರನೆಯದರಲ್ಲೇ, ಫೀಲ್ಡ್ ಇನ್ನೂ ಹಿಂದಕ್ಕೆ ಸರಿದಿರದ ಹೊತ್ತಲ್ಲಿ, ನೆಲಕ್ಕೆ ಉರುಳುವ ಹಾಗೆ ಮೂಲೆಗೆ ಒದೆಯಬೇಕು. ಎತ್ತರದ ಕಿಕ್ ಮಾಡಿದರೆ ಅವನು ಹಿಡಿದು ಓಡುತ್ತಾನೆ, ಉರುಳುವ ಚೆಂಡಿಗೆ ಬಗ್ಗಲೇಬೇಕು. ‘ಮಳೆ ಬಂದರೆ?’ ಎಂದು ಕೌಂಟರ್ ಹಿಂದಿನಿಂದ ಮಗಳು ಕೇಳಿದಳು. ‘ಮಳೆ ಬಂದರೆ ಇನ್ನೂ ಒಳ್ಳೇದು.’ ‘ಒಳ್ಳೇದಲ್ಲ. ಒದ್ದೆ ನೆಲದಲ್ಲಿ ಚೆಂಡು ಜಾರಿ ಗೆರೆಯಾಚೆ ಹೋಗುತ್ತದೆ, ಆಮೇಲೆ ಏಳು ಟ್ಯಾಕಲ್ ನಮಗೆ.’ ಹೌದು, ಒದ್ದ ಚೆಂಡು ಹಾಗೆ ಟ್ರೈ ಗೆರೆಯ ಹಿಂದಿನ ಜಾಗವನ್ನೂ ದಾಟಿ ಸತ್ತರೆ ಎದುರು ತಂಡಕ್ಕೆ ಒಂದು ಟ್ಯಾಕಲ್ ಹೆಚ್ಚು ಸಿಗುತ್ತದೆ. ನನಗೆ ಆ ನಿಯಮ ತಲೆಗೆ ಹತ್ತಿದ್ದು ಅವತ್ತೇ, ಬಾರ್ಮ್‌ಗೆ ಬೆಣ್ಣೆ ಸವರುತ್ತಿದ್ದ ಆ ಹುಡುಗಿಯ ಬಾಯಿಂದ.

ಹಳೆಯ ಲೆಕ್ಕಗಳೂ ಹೊರಬರುತ್ತವೆ. ಈ ಎರಡೂ ತಂಡ ಆಡಿದ 2020ರ ಗ್ರ್ಯಾಂಡ್ ಫೈನಲ್, ಅಂದರೆ ಲೀಗ್ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪಂದ್ಯ, ಮಾತಿಗೆ ಬಾರದ ಡರ್ಬಿ ವಾರವೇ ಇಲ್ಲ. ಕೋವಿಡ್ ಕಾಲ, ಹಲ್‌ನ ಖಾಲಿ ಸ್ಟೇಡಿಯಂ, 4–4 ಸಮ. ಆಟದ ಸಮಯ ಮುಗಿದ ಹೂಟರ್ ಕೂಗಿ ಆಗಿದೆ. ಸೇಂಟ್ಸ್‌ನ ಟಾಮಿ ಮೇಕಿನ್ಸನ್ ದೂರದಿಂದ ಡ್ರಾಪ್ ಗೋಲ್‌ಗೆ, ಅಂದರೆ ಚೆಂಡನ್ನು ನೆಲಕ್ಕೆ ಬಿಟ್ಟು ಕಂಬಗಳ ನಡುವೆ ಹೋಗುವಂತೆ, ಒದ್ದ. ಚೆಂಡು ಕಂಬಕ್ಕೆ ಬಡಿದು ವಾಪಸ್ ಪುಟಿಯಿತು. 19 ವರ್ಷದ ವೆಲ್ಸ್‌ಬಿ ನುಗ್ಗಿ ಅದರ ಮೇಲೆ ಕೈಯಿಟ್ಟ. 8–4. ವಿಗನ್‌ನವರು ಅದನ್ನು ಅದೃಷ್ಟ ಅನ್ನುತ್ತಾರೆ. ಸೇಂಟ್ಸ್ ಆಕೆ ಹೇಳುವುದು ಬೇರೆ: ಕಂಬಕ್ಕೆ ಬಡಿದದ್ದು ಅದೃಷ್ಟ ಇರಬಹುದು, ಆದರೆ ಹೂಟರ್ ಆದ ಮೇಲೂ ಒದ್ದ ಚೆಂಡಿನ ಹಿಂದೆ ಓಡಿದ್ದು ಅದೃಷ್ಟ ಅಲ್ಲ. ನನಗೆ ಆಕೆಯ ಮಾತೇ ಸರಿ ಅನ್ನಿಸುತ್ತದೆ. ಆ ವಿಡಿಯೋ ಎಷ್ಟು ಸಲ ನೋಡಿದರೂ ಕಣ್ಣು ಹೋಗುವುದು ಚೆಂಡಿನ ಮೇಲಲ್ಲ, ಆ ಹುಡುಗನ ಓಟದ ಮೇಲೆ.

2014ರದ್ದಕ್ಕೆ ವಿಗನ್ ಕಡೆ ನೋವು ಜಾಸ್ತಿ. ಓಲ್ಡ್ ಟ್ರ್ಯಾಫರ್ಡ್‌ನ ಫೈನಲ್, ಶುರುವಾಗಿ ಎರಡೇ ನಿಮಿಷಕ್ಕೆ ಬೆನ್ ಫ್ಲವರ್ ಎದುರಾಳಿಗೆ ಗುದ್ದಿ ರೆಡ್ ಕಾರ್ಡ್. ಉಳಿದ ಅಷ್ಟೂ ಹೊತ್ತು 12 ಜನ ಆಡಿ 14–6ಕ್ಕೆ ಸೋತರು. 12 ಜನ ಅಷ್ಟು ಹೊತ್ತು ತಡೆದರಲ್ಲ ಅನ್ನುವುದು ಇವರ ಹೆಮ್ಮೆ. ಬಿದ್ದವನಿಗೆ ಮತ್ತೆ ಗುದ್ದಿದ್ದನ್ನು ಮಾತ್ರ ಯಾರೂ ಸಮರ್ಥಿಸಲಿಲ್ಲ. ಮಫ್ಲರ್ ಅಜ್ಜನೇ ಮೊದಲು ‘ಅದು ತಪ್ಪು, ಮುಗೀತು’ ಎಂದರು. ಈ ಅಂಗಡಿಯ ಬಗ್ಗೆ ನನಗಿರುವ ಗೌರವಕ್ಕೆ ಇಂಥ ಮಾತುಗಳೇ ಕಾರಣ.

ಯಾರು ದೊಡ್ಡವರು ಅನ್ನುವ ಲೆಕ್ಕ ಮುಗಿಯುವಂಥದ್ದಲ್ಲ. ಸೇಂಟ್ಸ್ 2019ರಿಂದ 2022ರವರೆಗೆ ನಾಲ್ಕು ವರ್ಷ ಸತತವಾಗಿ ಇಲ್ಲಿನ ಅಗ್ರ ಲೀಗ್ ಆದ ಸೂಪರ್ ಲೀಗ್ ಗೆದ್ದರು. ವಿಗನ್ 2024ರಲ್ಲಿ ಒಂದೇ ವರ್ಷ ನಾಲ್ಕೂ ಟ್ರೋಫಿ ಎತ್ತಿತು, ಆಸ್ಟ್ರೇಲಿಯಾದ ಚಾಂಪಿಯನ್ ಪೆನ್ರಿತ್ ತಂಡವನ್ನು 16–12ಕ್ಕೆ ಸೋಲಿಸಿದ್ದೂ ಸೇರಿ. ಅಲ್ಲಿಗೆ ಸೇಂಟ್ಸ್ ಹುಡುಗ ಕೈ ಎತ್ತಿದ: ‘ನೀವು ಸೋಲಿಸಿದ್ದು ನಿಮ್ಮ ಮನೆಯಲ್ಲಿ. ನಾವು ಅದೇ ಪೆನ್ರಿತ್‌ನ್ನು 2023ರಲ್ಲಿ ಅವರ ಊರಿಗೇ ಹೋಗಿ 13–12ಕ್ಕೆ ಹೊಡೆದೆವು.’ ಹಲಗೆಯ ಹತ್ತಿರ ಸ್ವಲ್ಪ ಹೊತ್ತು ಉತ್ತರವೇ ಇರಲಿಲ್ಲ. ಆಮೇಲೆ ಯಾರೋ 1989 ಎಂದರು. ಆ ವರ್ಷ ಲಂಡನ್‌ನ ವೆಂಬ್ಲಿಯಲ್ಲಿ ಚಾಲೆಂಜ್ ಕಪ್ ಅನ್ನುವ ನಾಕೌಟ್ ಟೂರ್ನಿಯ ಫೈನಲ್, ವಿಗನ್ 27, ಸೇಂಟ್ಸ್ ಸೊನ್ನೆ. ಈಗ ಹುಡುಗ ಸುಮ್ಮನಾದ. ಅವನು ಹುಟ್ಟುವ ಮೊದಲಿನ ಸೋಲು ಅದು, ಆದರೂ ಮುಖ ಬಾಡಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವಯಸ್ಸಾದವರ ವಾದ: ಬಿಲ್ಲಿ ಬೋಸ್ಟನ್ ದೊಡ್ಡವನೋ, ಟಾಮ್ ವ್ಯಾನ್ ವೊಲೆನ್‌ಹೋವನ್ ದೊಡ್ಡವನೋ? ಇಬ್ಬರೂ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಆಡುವವರು, ಒಂದೇ ಕಾಲದವರು. ಬೋಸ್ಟನ್ ಕಾರ್ಡಿಫ್ ಬಂದರಿನ ಟೈಗರ್ ಬೇಯಲ್ಲಿ ಹುಟ್ಟಿದ ಕಪ್ಪು ಹುಡುಗ, 1953ರಲ್ಲಿ ವಿಗನ್ ಸೇರಿದ, ಈ ತಂಡಕ್ಕೆ 478 ಟ್ರೈ. ವೊಲೆನ್‌ಹೋವನ್ ದಕ್ಷಿಣ ಆಫ್ರಿಕಾದ ಬಿಳಿಯ, ಪೊಲೀಸ್ ಕೆಲಸದಲ್ಲಿದ್ದವನು, 1957ರಲ್ಲಿ ಸೇಂಟ್ಸ್‌ಗೆ ಬಂದ, 392 ಟ್ರೈ. 1961ರ ವೆಂಬ್ಲಿ ಫೈನಲ್‌ನಲ್ಲಿ ಇಬ್ಬರೂ ಇದ್ದರು. ವೊಲೆನ್‌ಹೋವನ್ ಜೊತೆಗಾರನೊಂದಿಗೆ ಪಾಸ್ ಮಾಡಿಕೊಳ್ಳುತ್ತಾ ಮೈದಾನದ ಉದ್ದಕ್ಕೂ ಓಡಿ ಹಾಕಿದ ಟ್ರೈ ಇಂದಿಗೂ ಸೇಂಟ್ಸ್‌ನವರ ಬಾಯಲ್ಲಿದೆ. ಸೇಂಟ್ಸ್ 12–6ಕ್ಕೆ ಗೆದ್ದಿತು.

ಅಜ್ಜ ಅದನ್ನೆಲ್ಲ ಒಪ್ಪಿಕೊಂಡೇ ಇನ್ನೊಂದು ಮಾತು ಹೇಳಿದರು. 1957ರ ವಿಶ್ವಕಪ್ ಮುಗಿಸಿ ಬರುವಾಗ ಬ್ರಿಟನ್ ತಂಡ ದಕ್ಷಿಣ ಆಫ್ರಿಕಾದಲ್ಲಿ ಪ್ರದರ್ಶನ ಪಂದ್ಯಗಳಿಗೆ ಇಳಿಯಿತು. ಅಲ್ಲಿನ ವರ್ಣಭೇದದಿಂದಾಗಿ ಬೋಸ್ಟನ್‌ಗೆ ಅಲ್ಲಿ ಆಡಲು ಆಗಲಿಲ್ಲ. ಅದೇ ವರ್ಷ ಆ ದೇಶದ ವೊಲೆನ್‌ಹೋವನ್ ಇಲ್ಲಿಗೆ ಬಂದು ಆಡಿದ, ಎರಡೂ ಊರಿನವರು ಚಪ್ಪಾಳೆ ತಟ್ಟಿದರು. ‘ಬಿಲ್ಲಿಗೆ ಜಗತ್ತಿನ ಎಲ್ಲ ಕಡೆ ಮೈದಾನ ಸಿಗಲಿಲ್ಲ, ಸಿಕ್ಕ ಕಡೆಯೆಲ್ಲ ಆಡಿದ’ ಎಂದರು. ಸೇಂಟ್ಸ್ ಆಕೆ ಅದಕ್ಕೆ ಎದುರು ಹೇಳಲಿಲ್ಲ. 2025ರಲ್ಲಿ ಬೋಸ್ಟನ್‌ಗೆ ತೊಂಬತ್ತನೇ ವಯಸ್ಸಲ್ಲಿ ಸರ್ ಪದವಿ ಬಂತು. 1895ರಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಹುಟ್ಟಿದ ಈ ಆಟದಲ್ಲಿ ಆಟಗಾರನೊಬ್ಬನಿಗೆ ಸಿಕ್ಕ ಮೊದಲ ಸರ್ ಪದವಿ ಅದು. ಇಷ್ಟು ತಡವಾಗಬಾರದಿತ್ತು. ಅಂದಹಾಗೆ ಆಟ ಹುಟ್ಟಿದ ಆ ಹೋಟೆಲಿನ ಸಭೆಗೆ ಮೂಲ ಕೂಲಿ. ಶನಿವಾರ ಆಡಲು ಹೋದರೆ ಗಣಿ, ಗಿರಣಿ ಕೆಲಸದವರಿಗೆ ದಿನಗೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಬೇಕು ಅಂತ ಉತ್ತರದ ಕ್ಲಬ್‌ಗಳು ಹಟ ಹಿಡಿದು ರಗ್ಬಿ ಯೂನಿಯನ್‌ನಿಂದ ಬೇರೆಯಾದವು. ವಿಗನ್, ಸೇಂಟ್ಸ್ ಎರಡೂ ಅಂದು ಜೊತೆಗೇ ನಿಂತಿದ್ದವು.

ಹೊಸಬರನ್ನು ಇಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದನ್ನೂ ಹೇಳಬೇಕು. ನಾನು ಸುಮ್ನೆ ಕೇಳುತ್ತಾ ನಿಂತಿದ್ದರೆ ಅಜ್ಜ ‘ನೀನೇನಂತೀಯಾ?’ ಎಂದು ಕೇಳಿಯೇ ಕೇಳುತ್ತಾರೆ. ಹೇಳಿದ್ದಕ್ಕೆ ಕಾರಣ ಕೊಡಬೇಕು, ಅಷ್ಟೇ. ‘ವಿಗನ್ ಗೆಲ್ಲುತ್ತೆ’ ಅಂದರೆ ಯಾರೂ ಕಿವಿಗೊಡುವುದಿಲ್ಲ. ‘ಯಾಕೆ?’ ಅನ್ನುತ್ತಾರೆ. ನಾನು ಬುಧವಾರ, ಎರಡೂ ತಂಡದ ಡಿಫೆನ್ಸ್ ಗಟ್ಟಿ ಇದೆ, ಹಾಗಾಗಿ ಸ್ಕೋರ್ ಕಡಿಮೆ ಇರುತ್ತದೆ, ಪೆನಾಲ್ಟಿ ಸಿಕ್ಕಾಗ ಎರಡು ಪಾಯಿಂಟ್‌ಗೆ ಒದೆಯುವವರು ಗೆಲ್ಲುತ್ತಾರೆ ಎಂದೆ. ಇಬ್ಬರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಗೆರೆ ಹತ್ತಿರ ಪೆನಾಲ್ಟಿ ಸಿಕ್ಕಾಗ ಟ್ರೈ ಬಿಟ್ಟು ಎರಡು ಪಾಯಿಂಟ್ ತೆಗೆದುಕೊಳ್ಳುವ ತಂಡಕ್ಕೆ ಧೈರ್ಯ ಇಲ್ಲ ಅಂತ ಅರ್ಥ ಎಂದರು ಅವರು. ನನ್ನ ಭಾಷೆ, ಬಣ್ಣ, ಊರು ಯಾವುದೂ ಮಾತಿಗೆ ಬರಲಿಲ್ಲ. ಹೊರದೇಶದಲ್ಲಿ ಬದುಕುವವರಿಗೆ ಇದರ ಬೆಲೆ ಗೊತ್ತಿರುತ್ತೆ, ಅಲ್ವಾ?

ಕೊರತೆಗಳಿವೆ. ಮಧ್ಯಾಹ್ನ ಎರಡಕ್ಕೆ ಬಾಗಿಲು ಹಾಕುತ್ತಾರೆ, ಸಂಜೆ ಮ್ಯಾಚ್‌ಗೆ ಬರುವವರಿಗೆ ಉಪಯೋಗ ಇಲ್ಲ. ವಯಸ್ಸಾದವರಿಗೆ ಕೂರಲು ಒಂದು ಬೆಂಚಾದರೂ ಹಾಕಬೇಕು. ಪುಟ್ಟ ಮಕ್ಕಳಿದ್ದರೆ ಗದ್ದಲ ಕಷ್ಟ, ತಳ್ಳುಗಾಡಿ ಒಳಗೆ ಬರಲ್ಲ. ಟೀ ಚೆನ್ನಾಗಿಲ್ಲ, ಕಾಗದದ ಲೋಟದಲ್ಲಿ ಬಿಸಿನೀರು ಕುಡಿದ ಹಾಗೆ. ತಿಂಡಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಡರ್ಬಿ ವಾರದ ಮಾತಿಗೆ ಐದಕ್ಕೆ ಐದೂ ಕಡಿಮೆಯೇ. ಬೇರೆ ವಾರಗಳಲ್ಲಿ ಹೋದರೆ ಇದು ಒಂದು ಒಳ್ಳೆಯ ಪೈ ಅಂಗಡಿ, ಅಷ್ಟೇ.

ಮ್ಯಾಚ್‌ಗೂ ಹೋಗುವವರು ಟಿಕೆಟ್ಟನ್ನು ಕ್ಲಬ್‌ನಿಂದ ನೇರವಾಗಿ ತೆಗೆದುಕೊಳ್ಳಿ. ಬ್ರಿಕ್ ಕಮ್ಯುನಿಟಿ ಸ್ಟೇಡಿಯಂನಲ್ಲಿ ಸುಮಾರು 25 ಸಾವಿರ ಸೀಟು, ಡರ್ಬಿಗೆ ಬೇಗ ತುಂಬುತ್ತದೆ. ಮೊದಲ ಸಲದವರಿಗೆ ಮೈದಾನದ ಉದ್ದಕ್ಕಿರುವ ಸ್ಟ್ಯಾಂಡ್ ಒಳ್ಳೆಯದು, ಸಾಲು ಹೇಗೆ ಮುಂದೆ ಹಿಂದೆ ಸರಿಯುತ್ತದೆ ಅನ್ನುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ವೆಲ್ಸ್‌ಬಿ ಎಲ್ಲಿ ನಿಂತಿದ್ದಾನೆ ಅಂತ ಮೊದಲ ಐದು ನಿಮಿಷ ನೋಡಿ. ಅಂಗಡಿ ಮತ್ತೆ ತೆರೆದಾಗ ಮೊದಲ ಪ್ರಶ್ನೆ ಅದೇ ಇರುತ್ತದೆ. ಬಟರ್ ಪೈ ಶುಕ್ರವಾರ ಹನ್ನೆರಡರೊಳಗೆ ಖಾಲಿಯಾಗುತ್ತದೆ, ಬೇಕಿದ್ದರೆ ಗುರುವಾರವೇ ಕೌಂಟರ್‌ನಲ್ಲಿ ಹೇಳಿಡಿ. ಹೆಸರು ಬರೆದು ಎತ್ತಿಡುತ್ತಾರೆ.